ಹಿಮಗಾಳಿಯಲ್ಲಿ ಮನೆ ಕಾಣದಾದಾಗ

ಪುಣೆ, ಹೈದರಾಬಾದ್‌ನಲ್ಲಿ ಕೂತು ಕೇಳ್ತಿರೋ ನಿಮ್ಮಲ್ಲಿ ಕೆಲವರಿಗಾದ್ರೂ ಆನ್‌ಸೈಟ್ ಅಂತ ಒಮಾಹಾಗೋ ಮಿನಿಯಾಪೊಲಿಸ್‌ಗೋ ಹೋಗೋ ಅವಕಾಶ ಬರಬಹುದು. ಅದಕ್ಕೇ ಇವತ್ತು ಈ ವಿಷಯ.

1888ರ ಜನವರಿ 12. ಅಮೆರಿಕದ ನೆಬ್ರಾಸ್ಕ, ಡಕೋಟಾ ಬಯಲು. ಬೆಳಿಗ್ಗೆ ಚಳಿ ಕಮ್ಮಿಯಾಗಿತ್ತು; ಎಷ್ಟೋ ಮಕ್ಕಳು ದಪ್ಪ ಕೋಟಿಲ್ಲದೇ ಶಾಲೆಗೆ ಹೋದ್ರು. ನೋಡನೋಡ್ತಿದ್ದಂಗೆ ವಾಯವ್ಯದಿಂದ ಹಿಮಗಾಳಿ ನುಗ್ಗಿತು. ಹಿಟ್ಟಿನಂಥ ಹಿಮ, ಚಾಚಿದ ಕೈಯೇ ಕಾಣದು. ಸತ್ತವರು ಸುಮಾರು 235 ಅಂತ ಅಂದಾಜು, ಅವರಲ್ಲಿ ಮಕ್ಕಳು ಬಹಳ.

ಕೊಂದಿದ್ದು ಚಳಿಯೊಂದೇ ಅಲ್ಲ, ದಿಕ್ಕು ತಪ್ಪಿದ್ದು. ಬಯಲಲ್ಲಿ ಗಾಳಿ ತಡೆಯೋಕೆ ಮರವಿಲ್ಲ, ಗುರುತಿಗೆ ಗುಡ್ಡವಿಲ್ಲ. ನೆಲ, ಆಕಾಶ ಎರಡೂ ಒಂದೇ ಬಿಳುಪು. ಮನೆ ಪಕ್ಕದಲ್ಲೇ ಇದ್ರೂ ಸಿಗಲ್ಲ. ಅದಕ್ಕೇ ಅಲ್ಲಿನ ರೈತರು ಮನೆಯಿಂದ ಕೊಟ್ಟಿಗೆವರೆಗೆ ಹಗ್ಗ ಕಟ್ಟಿ, ಅದನ್ನ ಹಿಡ್ಕೊಂಡೇ ದನಕ್ಕೆ ಮೇವು ಹಾಕಿ ಬರ್ತಿದ್ರು.

ಇವತ್ತು ಹೆದ್ದಾರಿಯಲ್ಲಿ ಸಿಕ್ಕಿಹಾಕ್ಕೊಂಡ್ರೆ ಕಾರೇ ನಿಮ್ಮ ಮನೆ. ಇಳಿದು ನಡೀಬೇಡಿ. ಸೈಲೆನ್ಸರ್ ಬಾಯಿಗೆ ಕಟ್ಟಿದ ಹಿಮ ತೆಗೀರಿ, ಕಿಟಕಿ ಒಂಚೂರು ಇಳಿಸಿ, ಗಂಟೆಗೆ ಹತ್ತು ನಿಮಿಷ ಮಾತ್ರ ಇಂಜಿನ್ ಹಾಕಿ. ಇಲ್ಲದಿದ್ರೆ ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬುತ್ತೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊರಡೋ ಮುಂಚೆ ಹವಾಮಾನ ಎಚ್ಚರಿಕೆ ನೋಡಿ. ಬೆಳಗಿನ ಬಿಸಿಲನ್ನ ನಂಬಬೇಡಿ.