ಸಕ್ಕರೆ ಏರಿದ್ದೇಕೆ?



ನಿಮ್ಮ ಮನೆಯಲ್ಲಿ ಅಜ್ಜಿಗೋ ಅಪ್ಪನಿಗೋ ಸಕ್ಕರೆ ಕಾಯಿಲೆ ಇದ್ದರೆ, ಅವರು ಮಾತ್ರೆ ನುಂಗುವುದನ್ನು ದಿನವೂ ನೋಡಿರುತ್ತೀರಿ. ಮಾತ್ರೆ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ, ನಿಜ. ಆದರೆ ಅದು ಏರಿದ್ದಾದರೂ ಏಕೆ?

ಈ ‘ಏಕೆ’ಯಿಂದ ಹೊರಡುವ ಪದ್ಧತಿಗೆ ‘ಫಂಕ್ಷನಲ್ ಮೆಡಿಸಿನ್’ ಎಂದು ಹೆಸರು. ಅಮೆರಿಕದ ಜೀವರಸಾಯನ ವಿಜ್ಞಾನಿ ಜೆಫ್ರಿ ಬ್ಲ್ಯಾಂಡ್ 1991ರಲ್ಲಿ ಇದಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿದರು. ಆಹಾರ, ನಿದ್ರೆ, ವ್ಯಾಯಾಮ, ಮನಸ್ಸಿನ ಒತ್ತಡ ಎಲ್ಲವನ್ನೂ ವೈದ್ಯರು ವಿಚಾರಿಸಬೇಕೆಂಬುದು ಇದರ ವಾದ.

ಪ್ರಶ್ನೆ ಒಳ್ಳೆಯದೇ. ಉತ್ತರವನ್ನು ಮಾತ್ರ ಪರೀಕ್ಷಿಸಿ ಒಪ್ಪಬೇಕು. ಬ್ರಿಟನ್ನಿನ ‘ಡೈರೆಕ್ಟ್’ ಪ್ರಯೋಗದಲ್ಲಿ, ಮಧುಮೇಹ ಬಂದು ಆರು ವರ್ಷ ಮೀರದ, ತೂಕ ಹೆಚ್ಚಿದ್ದವರಿಗೆ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಕೊಟ್ಟರು. 2017ರ ವರದಿಯಂತೆ, ವರ್ಷದ ಬಳಿಕ ಅವರಲ್ಲಿ ಶೇ. 46 ಮಂದಿಯ ಸಕ್ಕರೆ ಮಾತ್ರೆಯಿಲ್ಲದೆಯೇ ರೋಗದ ಮಟ್ಟಕ್ಕಿಂತ ಕೆಳಗಿತ್ತು. ಮಾಮೂಲು ಚಿಕಿತ್ಸೆ ಪಡೆದವರಲ್ಲಿ ಶೇ. 4 ಮಾತ್ರ. ಆದರೆ ಫಂಕ್ಷನಲ್ ಮೆಡಿಸಿನ್ ಹೆಸರಿನಲ್ಲಿ ಮಾರುವ ಹಲವು ರಕ್ತಪರೀಕ್ಷೆಗಳಿಗೆ, ಪೂರಕ ಗುಳಿಗೆಗಳಿಗೆ ಇಂಥ ಪುರಾವೆಯಿಲ್ಲ.

ಬ್ರಿಟನ್ನಿನಲ್ಲೂ ಮಾತ್ರೆ ನಿಲ್ಲಿಸಿದ್ದು ವೈದ್ಯರ ನಿಗಾದಲ್ಲೇ. ಆದ್ದರಿಂದ ಅಜ್ಜಿಯ ಮಾತ್ರೆ ನಿಲ್ಲಿಸಬೇಡಿ. ಅಜ್ಜಿಯೊಡನೆ ಹೋಗಿ, ವೈದ್ಯರನ್ನು ‘ಏಕೆ’ ಎಂದು ಕೇಳಿ.