ಭ್ರೂಣದಲ್ಲಿ ದುಗ್ಧಗ್ರಂಥಿ ಮೂಡುವ ಬಗೆ

ಸೋಂಕು ತಗಲಿದಾಗ ಕತ್ತು, ಕಂಕುಳು, ತೊಡೆಸಂದುಗಳಲ್ಲಿ ಊದಿಕೊಂಡು ಕೈಗೆ ಗಂಟಿನಂತೆ ಸಿಗುವ ದುಗ್ಧಗ್ರಂಥಿಗಳು ಆ ಸೋಂಕಿನಿಂದ ಹುಟ್ಟಿದವುಗಳಲ್ಲ. ರೋಗಾಣುಗಳ ಕಾಟ ಇನ್ನೂ ಆರಂಭವಾಗದ ಗರ್ಭದೊಳಗೇ ಅವುಗಳ ನೆಲೆಗಳು ನಿಗದಿಯಾಗಿರುತ್ತವೆ. ಇವು ಬೇರೆ ಗ್ರಂಥಿಗಳಂತೆ ರಸವನ್ನು ಸ್ರವಿಸುವುದಿಲ್ಲ. ಅಂಗಾಂಶಗಳಿಂದ ಬಸಿದುಬರುವ ದುಗ್ಧರಸವೆಂಬ ದ್ರವವನ್ನು ಸೋಸಿ, ಅದರಲ್ಲಿನ ಪರಕೀಯ ಕಣಗಳನ್ನು ಬಿಳಿ ರಕ್ತಕಣಗಳಿಗೆ ಒಪ್ಪಿಸುತ್ತವೆ. ಆದ್ದರಿಂದ ಗ್ರಂಥಿ ಎಂಬ ಪದದ ಮೂಲಾರ್ಥವಾದ ‘ಗಂಟು’ ಎಂಬುದೇ ಇವುಗಳಿಗೆ ಹೆಚ್ಚು ಒಪ್ಪುತ್ತದೆ.

ಮೊದಲು ಸಿದ್ಧವಾಗುವುದು ದುಗ್ಧರಸ ಹರಿಯುವ ನಾಳಗಳು. ಮಾನವ ಭ್ರೂಣದಲ್ಲಿ ಸುಮಾರು 5–6ನೆಯ ವಾರದ ಹೊತ್ತಿಗೆ, ಹೃದಯಕ್ಕೆ ರಕ್ತವನ್ನು ಮರಳಿಸುವ ಅಭಿಧಮನಿಗಳ ಗೋಡೆಯ ಕೆಲವು ಕೋಶಗಳಲ್ಲಿ ಪ್ರಾಕ್ಸ್-1 ಎಂಬ ಜೀನ್ ಚುರುಕುಗೊಂಡು, ಆ ಕೋಶಗಳು ಹೊರಚಾಚಿ ದುಗ್ಧಚೀಲಗಳಾಗುತ್ತವೆ. ನಾಳಗಳು ಅಭಿಧಮನಿಗಳಿಂದಲೇ ಕವಲೊಡೆಯುತ್ತವೆ ಎಂಬುದನ್ನು ಅಮೆರಿಕದ ಫ್ಲಾರೆನ್ಸ್ ಸೇಬಿನ್ 20ನೆಯ ಶತಮಾನದ ಆರಂಭದಲ್ಲಿ, ಹಂದಿಯ ಭ್ರೂಣಗಳಿಗೆ ಬಣ್ಣ ಹಾಯಿಸಿ ಪ್ರತಿಪಾದಿಸಿದ್ದರು.

ಗ್ರಂಥಿಯ ನಿಜವಾದ ರಚನೆ ಎರಡು ಬಗೆಯ ಕೋಶಗಳ ಒಡನಾಟದಿಂದ ಆಗುತ್ತದೆ, ಮತ್ತು ಈ ವಿಷಯದ ಅತ್ಯಂತ ಸೊಗಸಾದ ಭಾಗ ಇದೇ. ನಿಗದಿತ ತಾಣದಲ್ಲಿ ನೆಲೆಸಿರುವ ಸಂಘಟಕ ಕೋಶಗಳು ಸಿಎಕ್ಸ್‌ಸಿಎಲ್-13 ಎಂಬ ರಾಸಾಯನಿಕ ಸಂಕೇತವನ್ನು ಹೊರಡಿಸಿದಾಗ, ಭ್ರೂಣದ ಯಕೃತ್ತಿನ ಮೂಲಕಣಗಳಿಂದ ಬಂದ ಪ್ರೇರಕ ಕೋಶಗಳು ಅದರ ಜಾಡು ಹಿಡಿದು ಅಲ್ಲಿಗೆ ಬರುತ್ತವೆ. ಬಂದವು ತಮ್ಮ ಮೈಮೇಲಿನ ಲಿಂಫೋಟಾಕ್ಸಿನ್ ಎಂಬ ಪ್ರೋಟೀನಿನಿಂದ ಸಂಘಟಕ ಕೋಶಗಳನ್ನು ತಟ್ಟಿದೊಡನೆ ಅವು ಇನ್ನಷ್ಟು ಸಂಕೇತಗಳನ್ನೂ ಅಂಟುವ ಅಣುಗಳನ್ನೂ ಉತ್ಪಾದಿಸುವುದರಿಂದ, ಹೆಪ್ಪು ಬಿದ್ದ ಹಾಲು ಗಟ್ಟಿಯಾಗುವಂತೆ ಚದುರಿದ ಕೋಶಗಳು ಕ್ರಮೇಣ ಒಂದು ಮುದ್ದೆಯಾಗುತ್ತವೆ. ಹೆಸರಿನಲ್ಲೇ ವಿಷವನ್ನು ಹೊತ್ತ ಪ್ರೋಟೀನು ಇಲ್ಲಿ ಕಟ್ಟುವ ಕೆಲಸ ಮಾಡುತ್ತದೆ ಎಂಬುದು 1994ರಲ್ಲಿ ಸ್ಪಷ್ಟವಾಯಿತು: ಲಿಂಫೋಟಾಕ್ಸಿನ್-ಆಲ್ಫಾ ಜೀನನ್ನು ತೆಗೆದುಹಾಕಿದ ಇಲಿಗಳು ಬಹುತೇಕ ದುಗ್ಧಗ್ರಂಥಿಗಳೇ ಇಲ್ಲದೆ ಹುಟ್ಟಿದವು.

ಸಂಘಟಕ ಕೋಶಗಳಿಗೆ ಮೊದಲ ಸೂಚನೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ 2009ರ ಇಲಿಗಳ ಅಧ್ಯಯನವೊಂದು ವಿಟಮಿನ್ ಎ ಯಿಂದ ಉತ್ಪತ್ತಿಯಾಗುವ ರೆಟಿನಾಯಿಕ್ ಆಮ್ಲದತ್ತ ಬೆರಳು ತೋರಿತು; ನೆರೆಯ ನರತಂತುಗಳೇ ಅದರ ಮೂಲವಿರಬಹುದೆಂದೂ ಸೂಚಿಸಿತು. ವಿಟಮಿನ್ ಎ ಅತಿಯಾದರೂ ಭ್ರೂಣಕ್ಕೆ ಹಾನಿಕರವಾದ್ದರಿಂದ, ಇದನ್ನು ಗರ್ಭಿಣಿಯರಿಗೆ ಮಾತ್ರೆಯ ಸಲಹೆಯೆಂದು ಓದಬಾರದು. ಆದರೆ ಕೊರತೆಯ ಪರಿಣಾಮವೂ ಚಿಕ್ಕದಲ್ಲ: ಗರ್ಭಾವಸ್ಥೆಯಲ್ಲಿ ಈ ವಿಟಮಿನ್ ಸಿಗದ ತಾಯಿಲಿಗಳ ಮರಿಗಳಲ್ಲಿ ಗ್ರಂಥಿಗಳು ಗಾತ್ರದಲ್ಲಿ ಕುಗ್ಗಿದ್ದವು ಮತ್ತು ಆ ಮರಿಗಳು ಪ್ರಾಯಕ್ಕೆ ಬಂದ ಮೇಲೂ ಸೋಂಕನ್ನು ಎದುರಿಸುವ ಶಕ್ತಿ ಕಡಿಮೆಯೇ ಉಳಿದಿತ್ತು ಎಂದು 2014ರಲ್ಲಿ ಕಂಡುಬಂತು.