ಜೋಡಿ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಕೂಲರ್ ಆರಿಸುವ ಬಗ್ಗೆ
(ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಒಂದೇ ಕಂಪ್ಯೂಟರಿನಲ್ಲಿ ಎರಡು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಜೋಡಿಸುವ ಪದ್ಧತಿ ಹಳೆಯದು. 1998ರಲ್ಲಿ ವೂಡೂ 2 ಕಾರ್ಡ್‌ಗಳನ್ನು ಹೀಗೆ ಜೋಡಿಸುತ್ತಿದ್ದರು. 2004ರಲ್ಲಿ ಎನ್ವಿಡಿಯಾದ ಎಸ್‌ಎಲ್‌ಐ, 2005ರಲ್ಲಿ ಎಟಿಐಯ ಕ್ರಾಸ್‌ಫೈರ್ ಬಂದವು. ಆಟಗಳ ಮಟ್ಟಿಗೆ ಆ ಕಾಲ ಮುಗಿಯಿತೆನ್ನಬಹುದು. 2021ರಿಂದ ಎನ್ವಿಡಿಯಾ ಎಸ್‌ಎಲ್‌ಐಗೆ ಹೊಸ ಡ್ರೈವರ್ ಪ್ರೊಫೈಲ್ ಸೇರಿಸುವುದನ್ನೇ ನಿಲ್ಲಿಸಿತು. ಈಗ ಎರಡು ಕಾರ್ಡ್ ಹಾಕುವವರು 3ಡಿ ರೆಂಡರಿಂಗ್ ಮಾಡುವವರು, ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಮನೆಯಲ್ಲೇ ಓಡಿಸುವವರು. 2020ರಲ್ಲಿ ಬಂದ ಆರ್‌ಟಿಎಕ್ಸ್ 3090ರಲ್ಲಿ 24 ಜಿಬಿ ಮೆಮೊರಿ ಇದೆ. ಎರಡು ಸೇರಿದರೆ 48 ಜಿಬಿ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕುವ ವಿದ್ಯಾರ್ಥಿಗಳ ಕಣ್ಣು ಇದರ ಮೇಲೆ ಬೀಳುವುದು ಸಹಜ. ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಒಂದು ಕಾರ್ಡಿಗೆ ಅತ್ಯುತ್ತಮವಾದ ಕೂಲರ್ ಎರಡು ಕಾರ್ಡಿಗೆ ಅತ್ಯಂತ ಕೆಟ್ಟದ್ದಾಗಬಹುದು. ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ಕೂಲರ್ ಬಿಸಿಯನ್ನು ನಾಶ ಮಾಡುವುದಿಲ್ಲ, ಸಾಗಿಸುತ್ತದೆ ಅಷ್ಟೆ. ಎಲ್ಲಿಗೆ ಸಾಗಿಸುತ್ತದೆ ಎಂಬುದನ್ನು ಮೊದಲು ಕೇಳಬೇಕು.

ನಿಂತ ಕ್ಯಾಬಿನೆಟ್ಟಿನಲ್ಲಿ ಕಾರ್ಡ್‌ಗಳು ಅಡ್ಡಲಾಗಿ ಮಲಗಿರುತ್ತವೆ. ಫ್ಯಾನ್‌ಗಳ ಮುಖ ಕೆಳಗೆ, ಬೆನ್ನು ಮೇಲೆ. ಅಂದರೆ ಮೇಲಿನ ಕಾರ್ಡ್ ಉಸಿರಾಡುವುದು ಕೆಳಗಿನ ಕಾರ್ಡಿನ ಬೆನ್ನಿಗೆ ತಾಗಿದ ಗಾಳಿಯನ್ನು. 3090ರಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಏಕೆಂದರೆ ಅದರ 24 ಮೆಮೊರಿ ಚಿಪ್‌ಗಳಲ್ಲಿ 12 ಬೋರ್ಡಿನ ಬೆನ್ನಿನ ಮೇಲೆಯೇ ಇವೆ. ಆ ಬೆನ್ನು ಒಲೆಯ ಮೇಲಿನ ಕಾವಲಿಯಂತೆ ಕಾಯುತ್ತದೆ. ಮೆಮೊರಿ 110 ಡಿಗ್ರಿ ಮುಟ್ಟಿದರೆ ಕಾರ್ಡ್ ತಾನಾಗಿಯೇ ವೇಗ ಇಳಿಸುತ್ತದೆ. ಆಗ ಓವರ್‌ಕ್ಲಾಕ್ ಮಾಡಿಯೂ ಏನು ಬಂತು?

ಇನ್ನು ಜಾಗದ ಲೆಕ್ಕ. ಎಟಿಎಕ್ಸ್ ಬೋರ್ಡಿನಲ್ಲಿ ಸ್ಲಾಟಿನಿಂದ ಸ್ಲಾಟಿಗೆ 20.32 ಮಿಲಿಮೀಟರ್ ಅಂತರ. ಎರಡು ಕಾರ್ಡ್‌ಗಳ ನಡುವೆ ಮೂರು ಸ್ಲಾಟಿನ ದೂರವಿದ್ದರೆ ಸುಮಾರು 61 ಮಿಲಿಮೀಟರ್ ಆಯಿತು. ಎರಡು ಸ್ಲಾಟ್ ದಪ್ಪದ ಕಾರ್ಡಿಗೆ ಸುಮಾರು 20 ಮಿಲಿಮೀಟರ್ ಉಸಿರಾಟದ ಜಾಗ ಉಳಿಯುತ್ತದೆ. ಮೂರು ಸ್ಲಾಟಿನದಕ್ಕೆ ಏನೂ ಉಳಿಯುವುದಿಲ್ಲ. ಆರ್ಕ್ಟಿಕ್ ಕಂಪನಿಯ ಆಕ್ಸೆಲೆರೊ ಎಕ್ಸ್‌ಟ್ರೀಮ್ 4 ಎಂಬ ಕೂಲರ್ ಒಂಟಿ ಕಾರ್ಡಿಗೆ ಹೆಸರುವಾಸಿಯಾಗಿತ್ತು. ಆದರೆ ಅದು ಬೆನ್ನಿಗೂ ಒಂದು ದೊಡ್ಡ ಹೀಟ್‌ಸಿಂಕ್ ಹೊತ್ತುಕೊಂಡೇ ಬರುತ್ತಿತ್ತು. ಜೋಡಿಯಲ್ಲಿ ಅದು ಪಕ್ಕದವನ ಉಸಿರನ್ನೇ ಕಟ್ಟುತ್ತದೆ. ಇದಕ್ಕಿಂತ ಬ್ಲೋವರ್ ಕೂಲರ್ ಮೇಲು: ಸದ್ದು ಹೆಚ್ಚು, ಚಿಪ್ಪಿನ ತಾಪವೂ ತುಸು ಹೆಚ್ಚು, ಆದರೆ ಬಿಸಿಗಾಳಿಯನ್ನು ಹಿಂಬದಿಯಿಂದ ಹೊರಗೆ ದಬ್ಬುತ್ತದೆ. ಬ್ಲೋವರ್ ಎಂದರೆ ಮೂಗು ಮುರಿಯುವವರು ಒಂಟಿ ಕಾರ್ಡಿನ ಅನುಭವದಿಂದ ಮಾತಾಡುತ್ತಾರೆ ಎಂದು ನನ್ನ ಅಭಿಪ್ರಾಯ.

ಓವರ್‌ಕ್ಲಾಕ್ ಮಾಡಿದರೆ ಬಿಸಿ ಎಷ್ಟು ಏರುತ್ತದೆ? ಚಿಪ್ಪಿನ ವಿದ್ಯುತ್ ಬಳಕೆ ಸ್ಥೂಲವಾಗಿ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತದೆ. ವೇಗ ಶೇ. 10, ವೋಲ್ಟೇಜ್ ಶೇ. 10 ಏರಿಸಿದರೆ ಬಿಸಿ ಶೇ. 33ರಷ್ಟು ಏರುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ: ವೋಲ್ಟೇಜ್ ತುಸು ಇಳಿಸಿದರೆ ವೇಗ ಹೆಚ್ಚು ಕಳೆದುಕೊಳ್ಳದೆ ಬಿಸಿ ಬಹಳ ಇಳಿಯುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ. ಕೂಲರ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ.

ಆಮೇಲೂ ಎರಡು ಕಾರ್ಡ್‌ಗಳನ್ನು ಪೂರ್ಣ ವೇಗದಲ್ಲಿ ಗಂಟೆಗಟ್ಟಲೆ ದುಡಿಸಬೇಕೆಂದರೆ ನೀರಿನ ತಂಪೇ ದಾರಿ. ಮೊದಲ ಕಾರ್ಡಿನಲ್ಲಿ ಬಿಸಿಯಾದ ನೀರು ಎರಡನೆಯದಕ್ಕೆ ಹೋದರೆ ಅಲ್ಲೂ ಅದೇ ಕಥೆಯಲ್ಲವೇ ಎಂದು ಕೇಳಬಹುದು. ಲೆಕ್ಕ ಹಾಕೋಣ. 3090ರ ಮೂಲ ಬಳಕೆ 350 ವ್ಯಾಟ್. ನಿಮಿಷಕ್ಕೆ 4 ಲೀಟರ್ ನೀರು ಹರಿದರೆ ಒಂದು ಕಾರ್ಡ್ ದಾಟುವಾಗ ಅದು ಬಿಸಿಯಾಗುವುದು ಸುಮಾರು 1.3 ಡಿಗ್ರಿ ಮಾತ್ರ. ಅದೇ 350 ವ್ಯಾಟನ್ನು ನಿಮಿಷಕ್ಕೆ 1.4 ಘನ ಮೀಟರ್ ಗಾಳಿ ಹೊತ್ತರೆ ಗಾಳಿ 13 ಡಿಗ್ರಿ ಬಿಸಿಯಾಗುತ್ತದೆ! ಹಾಗಾಗಿ ಕಾರ್ಡ್‌ಗಳು ಅಂಟಿಕೊಂಡು ಕುಳಿತರೂ ನೀರಿಗೆ ಚಿಂತೆಯಿಲ್ಲ. ಬ್ಲಾಕ್ ಕೊಳ್ಳುವಾಗ ಮಾತ್ರ ಎಚ್ಚರ: ಕಾರ್ಡಿನ ಹೆಸರು ಒಂದೇ ಆದರೂ ಕಂಪನಿಯಿಂದ ಕಂಪನಿಗೆ ಬೋರ್ಡಿನ ವಿನ್ಯಾಸ ಬದಲಾಗುತ್ತದೆ. ಚಿಪ್ಪನ್ನಷ್ಟೇ ಅಲ್ಲದೆ ಮೆಮೊರಿ ಮತ್ತು ವೋಲ್ಟೇಜ್ ನಿಯಂತ್ರಕಗಳನ್ನೂ ಮುಚ್ಚುವ ಬ್ಲಾಕ್ ಬೇಕು. 3090ಕ್ಕೆ ಬೆನ್ನನ್ನೂ ತಂಪಾಗಿಡುವ ವ್ಯವಸ್ಥೆ ಬೇಕು. ತಾಮ್ರದ ಬ್ಲಾಕಿನ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಬೇಡ, ಸವೆತ ಶುರುವಾಗುತ್ತದೆ. ಮೂಲ ಕೂಲರ್ ಬಿಚ್ಚಿದರೆ ವಾರಂಟಿ ಹೋಗಬಹುದು, ಅದನ್ನೂ ಮೊದಲೇ ಓದಿಕೊಳ್ಳಿ.

ಕೊನೆಗೆ ಪರೀಕ್ಷೆಯ ಮಾತು. ಕೂಲರ್‌ಗಳ ವಿಮರ್ಶೆಗಳು ಹೆಚ್ಚಾಗಿ 20-25 ಡಿಗ್ರಿಯ ಕೋಣೆಯಲ್ಲಿ ನಡೆದವು. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ 40 ದಾಟುತ್ತದೆ. ಕೋಣೆ ಎಷ್ಟು ಬಿಸಿಯೋ ಕಾರ್ಡಿನ ತಾಪಕ್ಕೂ ಹೆಚ್ಚುಕಡಿಮೆ ಅಷ್ಟು ಸೇರುತ್ತದೆ. ಗಾಳಿಯಿರಲಿ ನೀರಿರಲಿ, 700 ವ್ಯಾಟ್ ಕೊನೆಗೆ ಬೀಳುವುದು ಅದೇ ಕೋಣೆಗೆ, ಸಣ್ಣದೊಂದು ಹೀಟರ್ ಹಚ್ಚಿಟ್ಟಂತೆ. ಆದ್ದರಿಂದ ಬೇಸಿಗೆಯ ಮಧ್ಯಾಹ್ನವೇ, ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಿ, ಎರಡೂ ಕಾರ್ಡ್‌ಗಳನ್ನು ಒಟ್ಟಿಗೆ ಒಂದು ಗಂಟೆ ಓಡಿಸಿ. ನೋಡಬೇಕಾದದ್ದು ಮೇಲಿನ ಕಾರ್ಡಿನ ಮೆಮೊರಿಯ ತಾಪ. ಅದು 100ರ ಒಳಗೆ ನಿಂತರೆ ಹೊಸ ಕೂಲರಿನ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ.